ಆರ್ಡಿಸಳ ಆಲೂಗಡ್ಡೆ ಸಾಕ್ಷಿ ಹೇಳಿದ್ದು

ಅಯೋವಾದ ವಾಯವ್ಯ ಮೂಲೆಯ ಡಾಲ್‌ಮನ್ ಕೌಂಟಿಯಲ್ಲಿ ನ್ಯಾಯ ನಿಧಾನ ಎಂದು ಯಾರೂ ದೂರುತ್ತಿರಲಿಲ್ಲ. ಪಕ್ಕದ ಕೌಂಟಿಗಳಲ್ಲಿ ಎರಡೆರಡು ದಿನ ಜಗ್ಗಾಡುವ ಖಟ್ಲೆಗಳು ಇಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಇತ್ಯರ್ಥವಾಗಿಬಿಡುತ್ತಿದ್ದವು. ಜ್ಯೂರಿಯ ಪಂಚರು ಬೆಳಗ್ಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಹನ್ನೆರಡೂವರೆಗೆ ತೀರ್ಪು ಹಿಡಿದುಕೊಂಡು ಹೊರಬರುತ್ತಿದ್ದರು. ಇದು ತಮ್ಮ ಪಾಂಡಿತ್ಯದ ಫಲವೆಂದು ನ್ಯಾಯಾಧೀಶ ಹೌಗನ್ ಸಾಹೇಬರು ನಂಬಿದ್ದರು. ಊರಿನ ಮಿಕ್ಕವರಿಗೆಲ್ಲ ನಿಜ ಗೊತ್ತಿತ್ತು. ಅದು ಆರ್ಡಿಸ್ ಕ್ಲೂಸ್ಟರ್‌ಮನ್ನಳ ಆಲೂಗಡ್ಡೆಯ ಫಲ.

ಆರ್ಡಿಸ್ ಆ ಕೋರ್ಟಿನ ಬೇಲಿಫ್. ನಮ್ಮ ಕಡೆ ದಫೇದಾರ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಸಾಹೇಬರು ಒಳಗೆ ಬಂದಾಗ ಎಲ್ಲರೂ ಎದ್ದು ನಿಲ್ಲುವಂತೆ ಕೂಗುವುದು, ಸಾಕ್ಷಿಗಳ ಹೆಸರು ಕರೆಯುವುದು, ಪಂಚರನ್ನು ಕೋಣೆಗೆ ಸೇರಿಸಿ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕಾವಲು ಕೂರುವುದು ಅವಳ ಕೆಲಸ. ಊಟವಾದ ಮೇಲೆ ಸಾಹೇಬರ ಗಲ್ಲ ಎದೆಗೆ ತಾಗಿದರೆ ದಪ್ಪ ಕಾನೂನು ಪುಸ್ತಕವೊಂದನ್ನು ಕೈತಪ್ಪಿ ನೆಲಕ್ಕೆ ಬೀಳಿಸುವುದು ಯಾವ ನಿಯಮದಲ್ಲೂ ಇಲ್ಲದ ಕೆಲಸ. ಇಪ್ಪತ್ತೊಂದು ವರ್ಷದಲ್ಲಿ ಆ ಪುಸ್ತಕಕ್ಕೆ ಮೂರು ಸಲ ಹೊಸ ರಟ್ಟು ಹಾಕಿಸಬೇಕಾಯಿತು.

ಐದಡಿ ಎತ್ತರ, ದನದ ಕೊಟ್ಟಿಗೆಯಲ್ಲಿ ಬೆಳೆದ ಗಂಟಲು, ಬೂದು ಸ್ವೆಟರು. ಆ ಸ್ವೆಟರಿನ ಮೊಣಕೈಗೆ ಹಾಕಿದ ತೇಪೆಯ ಮೇಲೆ ಇನ್ನೊಂದು ತೇಪೆ ಇತ್ತು. ಆರ್ಡಿಸ್ ಏನನ್ನೂ ಎಸೆದವಳಲ್ಲ. ಬ್ರೆಡ್ಡಿನ ಚೀಲ ತೊಳೆದು ಒಣಗಿಸುತ್ತಿದ್ದಳು. ಗ್ರೀಟಿಂಗ್ ಕಾರ್ಡಿನ ಚಿತ್ರದ ಅರ್ಧ ಕತ್ತರಿಸಿ ಮುಂದಿನ ವರ್ಷ ಬೇರೆಯವರಿಗೆ ಕಳಿಸುತ್ತಿದ್ದಳು, ಒಂದು ವರ್ಷ ಯಾಮಾರಿ ಕಳಿಸಿದವರಿಗೇ ಕಳಿಸಿದ್ದೂ ಉಂಟು. ಅವಳ ತಾಯಿ ಹುಲ್ಡಾ ಮೂವತ್ತರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಏಳು ಮಕ್ಕಳನ್ನು ಆಲೂಗಡ್ಡೆ ಮತ್ತು ಕೆನೆ ತೆಗೆದ ಹಾಲಿನಲ್ಲಿ ಸಾಕಿದವಳು. ಆಲೂಗಡ್ಡೆಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ನಡುನಡುವೆ ಈರುಳ್ಳಿ ಹಾಸಿ, ಹಿಟ್ಟು ಉದುರಿಸಿ, ಹಾಲು ಹೊಯ್ದು ಬೇಯಿಸಿದ ಆ ಪದಾರ್ಥ ಪಲ್ಯವೂ ಅಲ್ಲ, ಗೊಜ್ಜೂ ಅಲ್ಲ. ಮಾಂಸ ಇದ್ದ ಮನೆಯಲ್ಲಿ ಅದನ್ನು ಮಾಂಸದ ಪಕ್ಕಕ್ಕೆ ಬಡಿಸುತ್ತಿದ್ದರು. ಹುಲ್ಡಾಳ ಮನೆಯಲ್ಲಿ ಅದರ ಪಕ್ಕಕ್ಕೆ ಮತ್ತಷ್ಟು ಅದನ್ನೇ ಬಡಿಸುತ್ತಿದ್ದರು.

ಕೋರ್ಟಿಗೆ ಆಲೂಗಡ್ಡೆ ಕಾಲಿಟ್ಟದ್ದು ಎಂಬತ್ತೈದರಲ್ಲಿ. ಕೌಂಟಿಯ ಹಿರಿಯರು ಖರ್ಚು ಕಡಿಮೆ ಮಾಡಲು ಹೊರಟು, ಪಂಚರಿಗೆ ಹೋಟೆಲಿನಿಂದ ತರಿಸುತ್ತಿದ್ದ ಊಟ ನಿಲ್ಲಿಸಿದರು. ತಲೆಗೆರಡು ತುಂಡು ಬ್ರೆಡ್ಡು, ಒಂದು ಚೂರು ಹಂದಿಯ ಹ್ಯಾಮು, ಅಷ್ಟೇ. ಹಸಿದ ಪಂಚರು ಮುಖ ಗಂಟಿಕ್ಕಿಕೊಂಡು ಕೂತದ್ದನ್ನು ಆರ್ಡಿಸ್ ಒಂದು ವಾರ ನೋಡಿದಳು. ಮುಂದಿನ ಸೋಮವಾರ ಮದುವೆಯ ಉಡುಗೊರೆಯಾಗಿ ಬಂದಿದ್ದ ಸ್ಲೋ ಕುಕ್ಕರನ್ನು ಹೊತ್ತು ತಂದಳು. ಇದು ಸೀಟಿ ಹೊಡೆಯುವ ಕುಕ್ಕರಲ್ಲ. ಪಿಂಗಾಣಿಯ ಮಡಕೆ, ಸುತ್ತ ವಿದ್ಯುತ್ತಿನ ಕವಚ. ಸದ್ದಿಲ್ಲದೆ, ಗಡಿಬಿಡಿಯಿಲ್ಲದೆ, ಸರ್ಕಾರಿ ಕಡತದ ಹಾಗೆ ಬಿಸಿಯಾಗುತ್ತದೆ. ಅವಳದಕ್ಕೆ ಒಂದು ಹಿಡಿ ಮುರಿದಿತ್ತು, ಮುಚ್ಚಳ ಬೇರೆ ಯಾವುದೋ ಪಾತ್ರೆಯದು. ಪಂಚರ ಕೋಣೆಯ ಹೊರಗಿನ ಪಡಸಾಲೆಯಲ್ಲಿ ಗೋಡೆಗೆ ಒಂದು ಪ್ಲಗ್ ಇತ್ತು. ಆ ಪ್ಲಗ್ ಬಾಗಿಲಿನಿಂದ ನಾಲ್ಕಡಿ ದೂರದಲ್ಲಿತ್ತು, ಬಾಗಿಲ ಕೆಳಗೆ ಒಂದಿಂಚು ಸಂದಿಯಿತ್ತು. ಇದರಲ್ಲಿ ಅವಳ ಸಂಚೇನೂ ಇರಲಿಲ್ಲ.

ತೀರ್ಪು ಕೊಟ್ಟು ಹೊರಬಂದ ಪಂಚರಿಗೆ ಬಿಸಿಬಿಸಿ ಆಲೂಗಡ್ಡೆ. ಹೀಗೆ ಹನ್ನೊಂದು ವರ್ಷ ನಡೆಯಿತು. ಆಮೇಲೆ ಹಂದಿಯ ಖಟ್ಲೆ ಬಂತು.

ಗೇಲನ್ ವೋಸ್‌ಬರ್ಗ್ ಎಂಬ ಸ್ಥಿತಿವಂತ ಒಂದು ಹೆಣ್ಣುಹಂದಿ ಸಾಕಿದ್ದ. ಅದಕ್ಕೆ ಡಚೆಸ್ ಎಂದು ಹೆಸರು, ಏಳು ತಲೆಮಾರಿನ ವಂಶಾವಳಿ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದ. ಬೇಲಿಯಾಚೆಯ ರಾಯ್ಸ್ ಟ್ಯಾಡನ್ನನ ಗಂಡುಹಂದಿಗೆ ವಂಶವೂ ಇರಲಿಲ್ಲ, ಹೆಸರೂ ಇರಲಿಲ್ಲ, ಬೇಲಿಯೆಂದರೆ ಮರ್ಯಾದೆಯೂ ಇರಲಿಲ್ಲ. ಒಂದು ಮಧ್ಯಾಹ್ನ ಅದು ಬೇಲಿ ಮುರಿದು ಹೋಗಿ ಡಚೆಸ್ಸಳ ಜೊತೆ ಸಂಸಾರ ಹೂಡಿತು. ಒಂಬತ್ತು ಮರಿಗಳಾದವು, ಒಂಬತ್ತಕ್ಕೂ ಒಂಬತ್ತು ಬಣ್ಣ. ವಂಶ ಕೆಟ್ಟಿತೆಂದು ವೋಸ್‌ಬರ್ಗ್ ನಷ್ಟ ಪರಿಹಾರಕ್ಕೆ ದಾವೆ ಹೂಡಿ, ರಾಜಧಾನಿ ಡಿ ಮಾಯಿನ್‌ನಿಂದ ಪಿಂಕ್ನಿ ಎಂಬ ವಕೀಲನನ್ನು ಕರೆಸಿದ.

ತೊಂಬತ್ತಾರರ ಫೆಬ್ರವರಿ. ಎಂಟು ಜನ ಪಂಚರು ಒಳಗೆ ಹೋದರು. ಆವತ್ತು ರಸ್ತೆಯಲ್ಲಿ ಮಂಜುಗಡ್ಡೆ ಕಟ್ಟಿ ಆರ್ಡಿಸ್ ಬಂದದ್ದೇ ತಡವಾಗಿತ್ತು. ಆರಕ್ಕೆ ಹಚ್ಚಬೇಕಿದ್ದ ಕುಕ್ಕರನ್ನು ಏಳೂವರೆಗೆ ಹಚ್ಚಿದಳು. ಅದರ ಮೇಲೆ, ಹಂದಿಯ ವ್ಯಾಜ್ಯ ನಡೆಯುವಾಗ ಪಂಚರಿಗೆ ಹ್ಯಾಮ್ ಕೊಟ್ಟರೆ ಪಕ್ಷಪಾತವಾದೀತೆಂದು ಶೀಘ್ರಲಿಪಿ ಬರೆಯುವ ಮಾರ್ವಾ ಅದನ್ನೂ ತಡೆಹಿಡಿದಿದ್ದಳು. ಹನ್ನೆರಡಾಯಿತು, ಒಂದಾಯಿತು. ಒಳಗೆ ಏಳು ಜನ ಒಂದು ಕಡೆ, ಡೆಲ್ಬರ್ಟ್ ಫ್ರೀಸ್ ಒಬ್ಬನೇ ಇನ್ನೊಂದು ಕಡೆ ಎಂಬುದು ಗೋಡೆಯಾಚೆಗೂ ಕೇಳಿಸುತ್ತಿತ್ತು. ಡೆಲ್ಬರ್ಟ್ ಟರ್ಕಿ ಕೋಳಿ ಸಾಕಿ ನಿವೃತ್ತನಾದವನು. ಒಂದು ಜೊತೆ ಬೂಟು ಕೊಳ್ಳಲು ಮೂರು ದಿನ ಅಂಗಡಿಗೆ ಅಲೆಯುವ ಪೈಕಿ.

ಒಂದೂಕಾಲಕ್ಕೆ ಒಳಗಿನಿಂದ ಬಾಗಿಲು ಬಡಿದ ಸದ್ದಾಯಿತು. ಪಂಚರ ಮುಖಂಡ ತಲೆ ಹೊರಹಾಕಿ, "ಆರ್ಡಿಸಕ್ಕ, ಇನ್ನೆಷ್ಟು ಹೊತ್ತು?" ಎಂದ.

ಆರ್ಡಿಸ್ ಮುಚ್ಚಳದ ಮೇಲಿನಿಂದ ಕಣ್ಣಾಡಿಸಿ, "ಇದು ಬೆಂದಾಗ ಬೇಯತ್ತೆ. ನಿಮ್ದು?" ಎಂದಳು.

ಬಾಗಿಲು ಮುಚ್ಚಿತು. ಇಪ್ಪತ್ತೈದು ನಿಮಿಷಕ್ಕೆ ತೀರ್ಪು ಬಂತು. ರಾಯ್ಸ್ ಟ್ಯಾಡನ್ ಒಂದು ಬಿಡಿಗಾಸೂ ಕೊಡಬೇಕಾಗಿಲ್ಲ. ದುಡ್ಡು ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಅವನ ಹಂದಿ ಪುಕ್ಕಟೆ ಮಾಡಿಕೊಟ್ಟಿದೆ ಎಂದು ಪಂಚರಲ್ಲೊಬ್ಬಳು ಮೆಟ್ಟಿಲಿಳಿಯುವಾಗ ಹೇಳಿದ್ದು ಇಡೀ ಊರಿಗೆ ಬಾಯಿಪಾಠವಾಯಿತು.

ಆದರೆ ಬಾಗಿಲ ಹತ್ತಿರ ನಡೆದ ಆ ಎರಡು ಮಾತನ್ನು ಪಿಂಕ್ನಿ ಪಡಸಾಲೆಯ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಿದ್ದ. ಹತ್ತನೆಯ ದಿನ ಅವನ ಅರ್ಜಿ ಬಂತು. ತೀರ್ಪು ರದ್ದಾಗಬೇಕು, ಹೊಸ ವಿಚಾರಣೆ ನಡೆಯಬೇಕು. ಕಾರಣ, ಬೇಲಿಫ್ ಮಹಿಳೆ ಪಂಚರ ಜೊತೆ ಮಾತಾಡಿದ್ದಾಳೆ. ಮೇಲಾಗಿ, ಹಸಿದ ಪಂಚರ ಬಾಗಿಲಲ್ಲಿ ಆಲೂಗಡ್ಡೆ ಬೇಯಿಸಿ, ಒಪ್ಪದೆ ಕೂತಿದ್ದ ಪಂಚ ಫ್ರೀಸ್ ಅವರ ಮನಸ್ಸನ್ನು ವಾಸನೆಯ ಮೂಲಕ ತಿರುಗಿಸಿದ್ದಾಳೆ. ಅರ್ಜಿಯಲ್ಲಿ ಅದನ್ನು 'ತಡೆಯಲಸಾಧ್ಯವಾದ ಪರಿಮಳ' ಎಂದು ಬರೆದಿತ್ತು.

ಆರ್ಡಿಸ್ ಆ ಸಾಲನ್ನು ಎರಡು ಸಲ ಓದಿದಳು. ಬೇರೆ ಎಲ್ಲ ಸಾಲಿಗೂ ಅವಳಿಗೆ ಕೋಪ ಬಂತು, ಈ ಒಂದು ಸಾಲಿಗೆ ಮಾತ್ರ ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ.

ಹೌಗನ್ ಸಾಹೇಬರು ಅರ್ಜಿ ನೋಡಿ ಕನ್ನಡಕ ತೆಗೆದು ಮೂಗಿನ ಬುಡ ಉಜ್ಜಿಕೊಂಡರು. ಹನ್ನೊಂದು ವರ್ಷದಿಂದ ಪಂಚರು ತಿಂದು ಉಳಿದದ್ದರ ಅರ್ಧ ಅವರ ಕೋಣೆಗೇ ಹೋಗುತ್ತಿತ್ತು, ಆ ಮಾತು ಅರ್ಜಿಯಲ್ಲಿರಲಿಲ್ಲ. ಪರಿಮಳ ತಡೆಯಲಸಾಧ್ಯವೋ ಸಾಧ್ಯವೋ ಎಂಬುದನ್ನು ನೋಡದೆ ಹೇಳಲಾಗದು, ಆದ್ದರಿಂದ ಆ ಪದಾರ್ಥವನ್ನು ನ್ಯಾಯಾಲಯದ ಎದುರೇ ಮತ್ತೆ ಬೇಯಿಸತಕ್ಕದ್ದು ಎಂದು ಆಜ್ಞೆ ಮಾಡಿದರು.

ಆಗ ಊರಿಗೆ ಒಂದು ವಿಷಯ ಹೊಳೆಯಿತು. ಆರ್ಡಿಸ್ ಚೆನ್ನಾಗಿ ಬೇಯಿಸಿದರೆ ಪಿಂಕ್ನಿ ಗೆಲ್ಲುತ್ತಾನೆ. ಕೆಟ್ಟದಾಗಿ ಬೇಯಿಸಿದರೆ ತೀರ್ಪು ಉಳಿಯುತ್ತದೆ, ಅವಳ ಕೆಲಸವೂ ಉಳಿಯುತ್ತದೆ.

ಅಂಚೆಯವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಅಡುಗೆ ಕೆಡಿಸುವ ಉಪಾಯ ಹೇಳಿಕೊಟ್ಟರು. ಪಾದ್ರಿಯಂತೂ ತನ್ನ ಹೆಂಡತಿಯ ಪಾಕವನ್ನೇ ಬರೆದುಕೊಡುತ್ತೇನೆಂದ. ರಾಯ್ಸ್ ಟ್ಯಾಡನ್ ಟೋಪಿ ಕೈಯಲ್ಲಿ ಹಿಸುಕುತ್ತ ಅವಳ ಅಡುಗೆಮನೆಗೇ ಬಂದ.

"ಅಕ್ಕಾ, ಒಂದೇ ಒಂದು ಸಲ ಕೆಡಿಸ್ಬಿಡಕ್ಕ. ನಿನ್ನ ಕಾಲಿಗೆ ಬೀಳ್ತೀನಿ. ಒಂದೆರಡು ಟರ್ನಿಪ್ ಗೆಡ್ಡೆ ಹಾಕ್ಬಿಡು, ಸಾಕು."

"ಟರ್ನಿಪ್ಪಾ?" ಆರ್ಡಿಸ್ ತಟ್ಟೆ ಒರೆಸುವುದನ್ನು ನಿಲ್ಲಿಸಿದಳು. "ನಿನ್ ಹಂದಿಗಿರೋ ಬುದ್ಧಿನೇ ನಿಂಗೂ ಇರೋದು ಕಣೋ ರಾಯ್ಸ್."

"ಮತ್ತೆ ಏನ್ ಮಾಡ್ಲಿ? ಆ ವೋಸ್‌ಬರ್ಗು ನನ್ನ ಮನೆ ಮಠ ಮಾರಿಸ್ತಾನೆ."

"ಅಡುಗೆ ಕೆಡ್ಸೋದು ಯಾವ ಮಹಾ ವಿದ್ಯೆ. ಆದ್ರೆ ಅವತ್ತು ನನ್ನ ಕೈಲಿ ಬೈಬಲ್ ಮುಟ್ಟಿಸ್ತಾರೆ. ಯಾವಾಗ್ಲೂ ಮಾಡೋ ಥರಾನೇ ಮಾಡ್ತೀನಿ ಅಂತ ಪ್ರಮಾಣ ಮಾಡಿ ಬೇರೆ ಥರ ಮಾಡಿದ್ರೆ ಅದಕ್ಕೇನಂತಾರೆ ಗೊತ್ತಾ? ಎಷ್ಟು ಜನಕ್ಕೆ ಆ ಪ್ರಮಾಣ ಹೇಳ್ಕೊಟ್ಟಿದೀನಿ ಗೊತ್ತಾ?"

ರಾಯ್ಸ್ ಹೋದ ಮೇಲೆ ಗಂಡ ಆರ್ವಿಲ್ ಪತ್ರಿಕೆಯ ಹಿಂದಿನಿಂದ ಹೇಳಿದ: "ನಮ್ಮಮ್ಮ ಊಟಕ್ಕೆ ಬಂದಾಗ ಮಾಡ್ತಿದ್ದೆಯಲ್ಲ, ಹಂಗೆ ಮಾಡಿದ್ರಾಯ್ತು."

"ನಿಮ್ಮಮ್ಮನಿಗೂ ಹಿಂಗೇ ಮಾಡ್ತಿದ್ದೆ ಕಣ್ರೀ."

"ಗೊತ್ತು. ಅವಳಿಗೆ ಅದೇ ಹೊಟ್ಟೆಯುರಿ."

ಮಾರ್ಚ್ ತಿಂಗಳ ಆ ಗುರುವಾರ ಬೆಳಗ್ಗೆ ಏಳೂವರೆಗೇ ಕೋರ್ಟು ತುಂಬಿತ್ತು. ಸಾಮಾನ್ಯವಾಗಿ ಕೊಲೆ ಖಟ್ಲೆಗೂ ಅಷ್ಟು ಜನ ಸೇರುವುದಿಲ್ಲ, ಆ ಕೌಂಟಿಯಲ್ಲಿ ಕೊಲೆಯೇ ನಡೆಯುವುದಿಲ್ಲ ಎಂಬುದು ಬೇರೆ ಮಾತು. ಸಾಕ್ಷ್ಯವಸ್ತುಗಳನ್ನಿಡುವ ಮೇಜಿನ ಮೇಲೆ ಕುಕ್ಕರು, ಮಣೆ, ಚಾಕು, ಆಲೂಗಡ್ಡೆ, ಉಪ್ಪು, ಮಿಕ್ಕ ಸಾಮಾನು. ಪಿಂಕ್ನಿ ಡಿ ಮಾಯಿನ್ ಬಿಟ್ಟದ್ದು ನಾಲ್ಕೂವರೆಗೆ. ಇನ್ನೂ ಮೂವತ್ತೈದು ದಾಟದ ಹುಡುಗ, ಕೈಯಲ್ಲಿ ಕಾಫಿಯ ಲೋಟ ಬಿಟ್ಟರೆ ಹೊಟ್ಟೆಯಲ್ಲೇನೂ ಇರಲಿಲ್ಲ. ಎದ್ದು ನಿಂತವನೇ ಒಂದು ವಿನಂತಿ ಮಾಡಿದ.

"ಮಹಾಸ್ವಾಮಿ, ಪಂಚರು ಹಸ್ದಿದ್ರು. ಹಾಗಾಗಿ ಇವತ್ತು ಅಡುಗೆ ಆಗೋ ತನಕ ಈ ಕೋಣೇಲಿ ಯಾರೂ ಏನೂ ತಿನ್ನಬಾರದು. ಇಲ್ದಿದ್ರೆ ಪರೀಕ್ಷೆ ಸರಿಯಾಗಿ ಆಗಲ್ಲ."

"ಎಷ್ಟು ಹೊತ್ತು ಬೇಕಮ್ಮ?" ಎಂದು ಸಾಹೇಬರು ಆರ್ಡಿಸಳನ್ನು ಕೇಳಿದರು.

"ಮಂದ ಉರೀಲಿ ಆರು ಗಂಟೆ, ಮಹಾಸ್ವಾಮಿ."

"ಜೋರು ಉರಿ ಇಲ್ವಾ?"

"ಇದೆ. ಅವತ್ತು ಮಂದ ಉರೀಲೇ ಮಾಡಿದ್ದು."

ಸಾಹೇಬರು ಗಡಿಯಾರ ನೋಡಿದರು, ಪಿಂಕ್ನಿಯನ್ನು ನೋಡಿದರು, ವಿನಂತಿಯನ್ನು ಮನ್ನಿಸಿದರು. ಮನ್ನಿಸುವಾಗ ಅವರ ಮುಖದಲ್ಲಿದ್ದ ಭಾವವನ್ನು ಕರುಣೆ ಎಂದು ಯಾರೂ ತಪ್ಪು ತಿಳಿಯುವಂತಿರಲಿಲ್ಲ.

ಸಾಕ್ಷಿಯ ಹೆಸರು ಕೂಗಬೇಕಾದವಳು ಆರ್ಡಿಸಳೇ. ಕ್ಷಣ ಯೋಚಿಸಿ, ಎಂದಿನ ಗಂಟಲಿನಲ್ಲಿ, "ಆರ್ಡಿಸ್ ಕ್ಲೂಸ್ಟರ್‌ಮನ್!" ಎಂದು ಪಡಸಾಲೆಯ ಕಡೆಗೆ ಕೂಗಿದಳು. ಆಮೇಲೆ ತಾನೇ ನಡೆದುಹೋಗಿ ಪ್ರಮಾಣ ಮಾಡಿ ಮೇಜಿನ ಹಿಂದೆ ನಿಂತಳು.

ಅವಳ ಕೈಚೀಲದಲ್ಲಿ ಬೇರೆಯೇ ಒಂದು ಉಪ್ಪಿನ ಪೊಟ್ಟಣವಿತ್ತು. ಅರ್ಧ ಸೇರು. ಬೆಳಗ್ಗೆ ಮನೆ ಬಿಡುವಾಗ ಯಾಕೆ ಹಾಕಿಕೊಂಡಳೋ ಅವಳಿಗೇ ತಿಳಿಯದು. ಮುಂದಿನ ಸಾಲಿನಲ್ಲಿ ರಾಯ್ಸ್ ಕೂತಿದ್ದ, ಪಕ್ಕದಲ್ಲಿ ಅವನ ಹೆಂಡತಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಆರ್ಡಿಸಳ ಕೈ ಚೀಲದೊಳಗೆ ಹೋಯಿತು. ಪೊಟ್ಟಣ ಬೆರಳಿಗೆ ತಾಗಿತು. ಅದರ ಪಕ್ಕದಲ್ಲಿದ್ದ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡು ಚೀಲವನ್ನು ಮೇಜಿನ ಕೆಳಗೆ ಕಾಲಿನಿಂದ ತಳ್ಳಿದಳು.

"ಏನ್ ಮಾಡ್ತಿದೀರಿ ಅಂತ ಹೇಳ್ತಾ ಹೋಗಿ," ಎಂದ ಪಿಂಕ್ನಿ.

"ಆಲೂಗಡ್ಡೆ ಹೆಚ್ತಿದೀನಿ."

"ಸಿಪ್ಪೆ ತೆಗೆಯಲ್ವಾ?"

"ಸಿಪ್ಪೆಗೂ ದುಡ್ಡು ಕೊಟ್ಟಿರ್ತೀವಲ್ಲ."

ಹೆಚ್ಚಿದ ಬಿಲ್ಲೆಗಳನ್ನು ನೀರಲ್ಲಿ ಅಲ್ಲಾಡಿಸಿ, ಆ ನೀರನ್ನು ಚೆಲ್ಲದೆ ಪಕ್ಕಕ್ಕಿಟ್ಟಳು. ತಳದಲ್ಲಿ ಗಂಜಿಯಂಥ ಬಿಳಿ ಹಿಟ್ಟು ಕೂರಲಿ ಎಂದು. ಮಡಕೆಯ ಒಳಗೆ, ಬೆಣ್ಣೆ ಸುತ್ತಿಬಂದಿದ್ದ ಕಾಗದದ ಒಳಮೈಯನ್ನು ತಿಕ್ಕಿದಳು. ಅಷ್ಟೇ ಬೆಣ್ಣೆ. ಒಂದು ಪದರ ಆಲೂಗಡ್ಡೆ, ಅದರ ಮೇಲೆ ಕಾಗದದಷ್ಟು ತೆಳ್ಳಗೆ ಸೀಳಿದ ಈರುಳ್ಳಿ, ಉಪ್ಪು, ಕರಿಮೆಣಸು, ಚಿಟಿಕೆ ಹಿಟ್ಟು. ಮತ್ತೆ ಆಲೂಗಡ್ಡೆ. ಹೀಗೆ ಐದು ಪದರ. ಹಾಲಿನ ಪುಡಿಯನ್ನು ಬಿಸಿನೀರಲ್ಲಿ ಕದಡಿದಳು.

"ಹಾಲಿನ ಪುಡಿ ಯಾಕೆ?"

"ಅಗ್ಗ. ಅಲ್ದೆ ಆರು ಗಂಟೆ ಕೂತ್ರೂ ಒಡೆಯಲ್ಲ. ಒಳ್ಳೇ ಹಾಲು ಒಡೆಯುತ್ತೆ."

"ಚೀಸ್ ಯಾವಾಗ ಹಾಕ್ತೀರಿ?"

ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು. ಆರ್ಡಿಸ್ ಚಾಕು ಕೆಳಗಿಟ್ಟು, "ಚೀಸ್ ಹಾಕಿದ್ರೆ ಅದು ಲಂಚ ಆಗತ್ತೆ ವಕೀಲ್ರೇ," ಎಂದಳು.

ಸಾಹೇಬರು ಸುತ್ತಿಗೆ ಕುಟ್ಟುವಷ್ಟರಲ್ಲಿ ಅವರಿಗೇ ಕೆಮ್ಮು ಬಂತು. ಆರ್ಡಿಸ್ ಗಂಜಿಹಿಟ್ಟನ್ನು ಹಾಲಿಗೆ ಬೆರೆಸಿ ಮೇಲಿಂದ ಹೊಯ್ದಳು. ಮುಚ್ಚಳದ ಬೆವರು ಒಳಗೆ ತೊಟ್ಟಿಕ್ಕದ ಹಾಗೆ ಹಳೆಯ ದಿಂಬಿನ ಚೀಲವೊಂದನ್ನು ಬಾಯಿಗೆ ಬಿಗಿದು ಮುಚ್ಚಳವಿಟ್ಟಳು. ಗುಂಡಿ ತಿರುಗಿಸಿದಳು. ಎಂಟೂಕಾಲು.

ಮೊದಲ ಎರಡು ಗಂಟೆ ಏನೂ ಆಗಲಿಲ್ಲ. ಪಿಂಕ್ನಿ ಹಳೆಯ ತೀರ್ಪುಗಳನ್ನು ಓದಿ ಹೇಳಿದ. ಮಿಸ್ಸೂರಿಯಲ್ಲಿ ಪಂಚರಿಗೆ ವಿಸ್ಕಿ ಕುಡಿಸಿದ ಪ್ರಕರಣ, ಎಲ್ಲೋ ಸೇಬಿನ ಕಡುಬು ತಿನ್ನಿಸಿದ ಪ್ರಕರಣ. ಹತ್ತೂವರೆಗೆ ಈರುಳ್ಳಿ ಮೊದಲು ಬಾಯಿಬಿಟ್ಟಿತು. ಹನ್ನೊಂದಕ್ಕೆ ಹಾಲು. ಹನ್ನೆರಡರ ಹೊತ್ತಿಗೆ ಹಿಟ್ಟು, ಹಾಲು, ಮೆಣಸು ಒಂದಾಗಿ, ಚಳಿಗಾಲದ ಭಾನುವಾರ ಶಾಲೆ ಇಲ್ಲದ ಮನೆಯಲ್ಲಿ ಬರುವಂಥ ವಾಸನೆ ಸಾಲಿನಿಂದ ಸಾಲಿಗೆ ಹರಡಿತು. ಜನ ಕುರ್ಚಿಯಲ್ಲಿ ಅತ್ತಿತ್ತ ಹೊರಳಿದರು. ರಾಯ್ಸನ ಮಗು ಅಳತೊಡಗಿತು. ರಾಯ್ಸ್ ತಲೆ ಮೇಲೆ ಕೈ ಹೊತ್ತು ಕೂತ. ಅವನ ಪಾಲಿಗೆ ಒಂದೊಂದು ಉಸಿರೂ ಒಂದೊಂದು ಎಕರೆ.

ಪಿಂಕ್ನಿ ಮಾತಾಡುತ್ತಲೇ ಇದ್ದ. "ಈ ನ್ಯಾಯಾಲಯ ಗಮನಿಸಬೇಕು, ಮಹಾಸ್ವಾಮಿ, ಮನುಷ್ಯಮಾತ್ರದವರು ಯಾರೂ..." ಎನ್ನುವಾಗ ಅವನ ಹೊಟ್ಟೆ, ಹಳೆಯ ಟ್ರ್ಯಾಕ್ಟರ್ ಚಾಲು ಮಾಡಿದ ಹಾಗೆ, ಉದ್ದಕ್ಕೆ ಗುರುಗುಟ್ಟಿತು. ಮಾರ್ವಾಳ ಬೆರಳು ಯಂತ್ರದ ಮೇಲೆ ನಿಂತಿತು.

"ಇದನ್ನೂ ದಾಖಲಿಸ್ಲಾ, ಮಹಾಸ್ವಾಮಿ?"

"ಅರ್ಜಿದಾರರ ಪರವಾಗಿ ಅಂತ ಬರ್ಕೊಳ್ಳಿ," ಎಂದರು ಸಾಹೇಬರು.

ಎರಡೂಕಾಲಕ್ಕೆ ಆರ್ಡಿಸ್ ಮುಚ್ಚಳ ತೆಗೆದಳು. ಮನೆಯಲ್ಲೇ ಹುರಿದು ತಂದಿದ್ದ ಒಣ ಬ್ರೆಡ್ಡಿನ ಪುಡಿಯನ್ನು ಮೇಲೆ ಉದುರಿಸಿದಳು. ಹಬೆ ಎದ್ದು ದೇಶದ ಧ್ವಜದವರೆಗೂ ಹೋಯಿತು. ಇಡೀ ಕೋಣೆ ಒಮ್ಮೆಗೇ ಉಸಿರೆಳೆದುಕೊಂಡ ಸದ್ದು ಅವಳಿಗೆ ಕೇಳಿಸಿತು. ತನ್ನ ಕೈಯಾರೆ ರಾಯ್ಸನ ಮನೆ ಕೆಡವಿದೆನೆಂದು ಗೊತ್ತಿತ್ತು. ಆದರೂ ಅವಳ ಬೆನ್ನು, ಅವಳಿಗೆ ಹೇಳದೆ ಕೇಳದೆ, ನೆಟ್ಟಗಾಯಿತು.

"ನಂದು ಮುಗೀತು, ಮಹಾಸ್ವಾಮಿ," ಎಂದ ಪಿಂಕ್ನಿ, ತುಟಿ ಒರೆಸಿಕೊಂಡು. "ಇನ್ನು ಪಂಚ ಫ್ರೀಸ್ ಅವರನ್ನ ಒಂದೇ ಪ್ರಶ್ನೆ ಕೇಳಿ ಮುಗಿಸ್ತೀನಿ."

ಆರ್ಡಿಸ್ ಹೆಸರು ಕೂಗಿದಳು. ಡೆಲ್ಬರ್ಟ್ ಫ್ರೀಸ್ ಕೋಲೂರಿಕೊಂಡು ಬಂದು ಕೂರಲು ಮೂರು ನಿಮಿಷ ತೆಗೆದುಕೊಂಡ. ಒಳಗೆ ಏನು ಚರ್ಚೆ ನಡೆಯಿತು, ಮನಸ್ಸು ಯಾಕೆ ಬದಲಾಯಿತು ಎಂದು ಕಾನೂನು ಪ್ರಕಾರ ಕೇಳುವಂತಿಲ್ಲ, ಹೊರಗಿನ ಪ್ರಭಾವದ ಬಗ್ಗೆ ಮಾತ್ರ ಕೇಳಿ ಎಂದು ಸಾಹೇಬರು ಎಚ್ಚರಿಸಿದರು.

"ಫ್ರೀಸ್ ಅವರೇ, ಅವತ್ತು ಆ ಕೋಣೇಲಿ ನಿಮಗೆ ಆಲೂಗಡ್ಡೆ ವಾಸನೆ ಬಂತಾ?"

"ಇಲ್ಲ."

ಪಿಂಕ್ನಿ ನಕ್ಕ. "ನೀವು ಪ್ರಮಾಣ ಮಾಡಿದೀರಿ. ಈಗ ಬರ್ತಿದೆಯಲ್ಲ ಈ ವಾಸನೆ, ಇದು ಅವತ್ತು ಬರ್ಲಿಲ್ವಾ?"

ಡೆಲ್ಬರ್ಟ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಈಗ ಏನಾದ್ರೂ ಬರ್ತಿದ್ಯಾ?"

ಪಿಂಕ್ನಿ ಕುಕ್ಕರಿನತ್ತ ಬೆರಳು ತೋರಿಸಿದ.

"ನನ್ನ ಮೂಗು ಎಪ್ಪತ್ತೊಂಬತ್ತರಲ್ಲೇ ಹೋಯ್ತು ಸ್ವಾಮಿ," ಎಂದ ಡೆಲ್ಬರ್ಟ್. "ಟರ್ಕಿ ಕೊಟ್ಟಿಗೆ. ಅಮೋನಿಯ. ಇಪ್ಪತ್ತು ಸಾವಿರ ಕೋಳಿಗಳ ಹಿಕ್ಕೆ ಮಧ್ಯ ನಿಂತು ಮೂವತ್ತು ವರ್ಷ ಉಸಿರಾಡಿ ನೋಡಿ, ನಿಮ್ಮದೂ ಹೋಗತ್ತೆ. ಡಾಕ್ಟರ ಚೀಟಿ ಬೇಕಾದ್ರೆ ಮನೇಲಿದೆ. ಹೋದದ್ದೇ ಒಳ್ಳೇದಾಯ್ತು, ಇಲ್ದಿದ್ರೆ ನನ್ನ ಹೆಂಡ್ತಿ ಮನೆಯೊಳಕ್ಕೆ ಬಿಡ್ತಿದ್ಲಾ?"

ಪಿಂಕ್ನಿ ಕಾಗದ ತಿರುವಿದ. ಇನ್ನೊಂದು ತಿರುವಿದ. ಯಾವ ಕಾಗದದಲ್ಲೂ ಮೂಗಿಲ್ಲದ ಪಂಚನ ಬಗ್ಗೆ ಏನೂ ಇರಲಿಲ್ಲ.

ಸಾಹೇಬರು ಅಲ್ಲೇ ತೀರ್ಮಾನ ಹೇಳಿದರು. ಪರಿಮಳ ತಡೆಯಲಸಾಧ್ಯವೆಂಬ ಅರ್ಜಿದಾರರ ವಾದವನ್ನು ನ್ಯಾಯಾಲಯ ಪೂರ್ಣವಾಗಿ ಒಪ್ಪುತ್ತದೆ. ಆದರೆ ಯಾರ ಮನಸ್ಸು ತಿರುಗಿತೆಂದು ಅವರು ಹೇಳುತ್ತಾರೋ ಆ ಮನುಷ್ಯನಿಗೆ ಅದು ಮುಟ್ಟಲೇ ಇಲ್ಲ. ಇನ್ನು ಬೇಲಿಫ್ ಆಡಿದ ಎರಡು ಮಾತು. 'ಇದು ಬೆಂದಾಗ ಬೇಯತ್ತೆ' ಎಂಬುದು ಆಡಬಾರದ ಮಾತು, ಹೌದು, ಆದರೆ ಅದು ನಿಜ, ನಿರುಪದ್ರವಿ, ಅದರಿಂದ ಯಾವ ಕಕ್ಷಿಗೂ ಲಾಭವಿಲ್ಲ. 'ನಿಮ್ದು?' ಎಂಬುದಂತೂ ನಿಯಮಬದ್ಧ. ಪಂಚರು ಒಮ್ಮತಕ್ಕೆ ಬಂದರೇ ಎಂದು ಕೇಳುವುದಷ್ಟೇ ಬೇಲಿಫಳಿಗೆ ಅವಳ ಪ್ರಮಾಣವಚನ ಕೊಟ್ಟಿರುವ ಅಧಿಕಾರ, ಅವಳು ಅದನ್ನೇ ಎಂದಿನ ಮಿತವ್ಯಯದಿಂದ ಕೇಳಿದ್ದಾಳೆ. ಅರ್ಜಿ ವಜಾ.

ರಾಯ್ಸ್ ಎದ್ದು ಕೂಗಿದ. ಅವನ ಹೆಂಡತಿ ಅವನ ಅಂಗಿ ಹಿಡಿದು ಕೂರಿಸಿದಳು. ಸಾಹೇಬರು ಸುತ್ತಿಗೆ ಎತ್ತಿದವರು ಹಾಗೇ ನಿಂತು, "ಸಾಕ್ಷ್ಯವಸ್ತುವಿನ ಫೋಟೊ ತೆಗೀರಿ," ಎಂದು ಮಾರ್ವಾಳಿಗೆ ಹೇಳಿದರು. "ಬೇಗ ಕೆಡೋ ವಸ್ತು. ಫೋಟೊ ಇಟ್ಕೊಂಡು ಮಿಕ್ಕಿದ್ದನ್ನ ವಿಲೇವಾರಿ ಮಾಡ್ಬೇಕು. ತಟ್ಟೆ ಎಲ್ಲಿವೆ?"

ವಿಲೇವಾರಿ ಹತ್ತು ನಿಮಿಷದಲ್ಲಿ ಮುಗಿಯಿತು. ಆರ್ಡಿಸ್ ಪಿಂಕ್ನಿಗೂ ಒಂದು ತಟ್ಟೆ ಬಡಿಸಿದಳು, ಹಸಿದವನಿಗೆ ಇಲ್ಲವೆನ್ನುವ ಅಭ್ಯಾಸ ಅವಳಿಗಿರಲಿಲ್ಲ. ಆದರೆ ಮಡಕೆಯ ಅಂಚಿನ, ಸ್ವಲ್ಪ ಕೆಂಪಾದ, ಗರಿಗರಿ ಭಾಗವನ್ನು ಅವನಿಗೆ ಕೊಡಲಿಲ್ಲ. ಅದು ಸಾಹೇಬರಿಗೂ ಸಿಗಲಿಲ್ಲ, ರಾಯ್ಸನ ಮಗುವಿಗೆ ಹೋಯಿತು. ಪಿಂಕ್ನಿ ಗೋಡೆಗೊರಗಿ ನಿಂತು ತಟ್ಟೆಯನ್ನು ಬೆರಳಿನಿಂದ ಬಳಿದು ತಿಂದ. ಆಮೇಲೆ, "ಮೇಲ್ಮನವಿ ಹಾಕಬಹುದಿತ್ತು," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ. ಹಾಕಲಿಲ್ಲ.

ಎಲ್ಲರೂ ಹೋದ ಮೇಲೆ ಡೆಲ್ಬರ್ಟ್ ಒಬ್ಬನೇ ಹಿಂದಿನ ಬೆಂಚಿನಲ್ಲಿ ಮೂರನೆಯ ತಟ್ಟೆ ಮುಗಿಸುತ್ತಿದ್ದ. ಆರ್ಡಿಸ್ ಮಡಕೆ ಕಂಕುಳಲ್ಲಿ ಇರುಕಿಕೊಂಡು ಅವನೆದುರು ನಿಂತಳು. ಹನ್ನೊಂದು ವರ್ಷದಲ್ಲಿ ಈ ಮನುಷ್ಯ ಮೂರು ಸಲ ಪಂಚನಾಗಿದ್ದ. ಚರ್ಚಿನ ಊಟದಲ್ಲಿ ಪ್ರತಿ ವರ್ಷ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದ. ಅವಳ ಆಲೂಗಡ್ಡೆಯನ್ನು ಅವನಷ್ಟು ಹೊಗಳಿದವರು ಆ ಕೌಂಟಿಯಲ್ಲಿ ಇನ್ನೊಬ್ಬರಿರಲಿಲ್ಲ.

"ಡೆಲ್ಬರ್ಟಣ್ಣ, ಮೂಗಿಲ್ದಿದ್ರೆ ನಾಲಿಗೆಗಾದ್ರೂ ರುಚಿ ಗೊತ್ತಾಗತ್ತಾ?"

"ಉಪ್ಪು ಗೊತ್ತಾಗತ್ತೆ. ಬೇರೇನೂ ಇಲ್ಲಮ್ಮ."

"ಮತ್ತೆ ಇಷ್ಟು ವರ್ಷ 'ಆರ್ಡಿಸ್, ಭೂಮಿ ಮೇಲೆ ಇಂಥದ್ದು ಇನ್ನೊಂದಿಲ್ಲ' ಅಂತಿದ್ದೆಯಲ್ಲ?"

ಡೆಲ್ಬರ್ಟ್ ಆ ಪ್ರಶ್ನೆಯನ್ನು ಬೂಟು ಆರಿಸುವಷ್ಟೇ ಗಂಭೀರವಾಗಿ ಯೋಚಿಸಿದ. "ಮೆತ್ತಗಿರತ್ತೆ," ಎಂದ. "ಬಿಸಿ ಇರತ್ತೆ. ನನ್ನ ಕಟ್ಟುಹಲ್ಲಿಗೆ ಅಂಟಲ್ಲ. ಮಿಕ್ಕವರ ಅಡುಗೇಲಿ ಈ ಮೂರೂ ಒಟ್ಟಿಗೆ ಇರಲ್ಲ ಕಣಮ್ಮ."

ಆರ್ಡಿಸ್ ಅವನ ಕೈಯಿಂದ ತಟ್ಟೆ ಕಿತ್ತುಕೊಂಡಳು. ಇನ್ನೂ ಎರಡು ತುತ್ತು ಉಳಿದಿತ್ತು. ಈಸ್ಟರ್ ಹಬ್ಬದವರೆಗೆ ಅವನ ಜೊತೆ ಮಾತಾಡಲಿಲ್ಲ.

ಖಟ್ಲೆ ಗೆದ್ದರೂ ಆಲೂಗಡ್ಡೆ ಸೋತಿತು. ಪಂಚರು ಚರ್ಚಿಸುತ್ತಿರುವಾಗ ಕಟ್ಟಡದಲ್ಲಿ ಯಾವ ಪದಾರ್ಥವನ್ನೂ ಬೇಯಿಸಕೂಡದೆಂದು ಏಪ್ರಿಲಿನಲ್ಲಿ ಮೇಲಿನಿಂದ ಸುತ್ತೋಲೆ ಬಂತು. ಅಂದಿನಿಂದ ಪಂಚರಿಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ತಣ್ಣನೆಯ ಸ್ಯಾಂಡ್‌ವಿಚ್ಚು. ಡಾಲ್‌ಮನ್ ಕೌಂಟಿಯಲ್ಲೂ ಖಟ್ಲೆಗಳು ಎರಡೆರಡು ದಿನ ನಡೆಯತೊಡಗಿದವು. ಕಾನೂನು ದಿನದಿನಕ್ಕೆ ಜಟಿಲವಾಗುತ್ತಿದೆ ಎಂದು ಹೌಗನ್ ಸಾಹೇಬರು ರೋಟರಿ ಕ್ಲಬ್ಬಿನಲ್ಲಿ ಭಾಷಣ ಮಾಡಿದರು.

ಡಚೆಸ್ಸಳ ಒಂಬತ್ತು ಮರಿಗಳಲ್ಲಿ ಒಂದು, ಬೂದು ಮೈಯ ಹೆಣ್ಣು, ವೋಸ್‌ಬರ್ಗನ ಕೊಟ್ಟಿಗೆಯ ಬಾಕಿ ಎಲ್ಲ ಹಂದಿಗಳಿಗಿಂತ ದೊಡ್ಡದಾಗಿ ಬೆಳೆಯಿತು. ಎರಡು ವರ್ಷದ ಮೇಲೆ ವೋಸ್‌ಬರ್ಗ್ ಒಂದು ಸಂಜೆ ಬೇಲಿಯ ಹತ್ತಿರ ಬಂದು, ಆ ಗಂಡುಹಂದಿಯನ್ನು ಇನ್ನೊಂದು ಸಲ ಕಳಿಸಿಕೊಡಲಾದೀತೇ ಎಂದು ರಾಯ್ಸನನ್ನು ಕೇಳಿದ. ದುಡ್ಡು ಕೊಡಲೂ ಸಿದ್ಧನಿದ್ದ. ಬೇಲಿ ತೆಗೆಯುವ ಅಗತ್ಯವಿಲ್ಲ, ದಾರಿ ಅದಕ್ಕೆ ಗೊತ್ತಿದೆ ಎಂದ ರಾಯ್ಸ್.

ಆರ್ಡಿಸ್ ಇನ್ನೂ ನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತಳಾದಳು. ಬೀಳ್ಕೊಡುಗೆಗೆ ಕೌಂಟಿಯವರು ಹೊಳೆಯುವ ಉಕ್ಕಿನ ಹೊಸ ಸ್ಲೋ ಕುಕ್ಕರ್ ಕೊಟ್ಟರು. ಗಡಿಯಾರ, ಗಂಟೆ ಬಾರಿಸುವ ಯಂತ್ರ ಎಲ್ಲ ಇತ್ತು. ಅವಳು ಅದನ್ನು ಮನೆಗೆ ಒಯ್ದು ಡಬ್ಬಿಯಿಂದ ಹೊರತೆಗೆದು ಒಂದು ಸುತ್ತು ನೋಡಿದಳು. ಮುಚ್ಚಳ ಹಳೆಯ ಮಡಕೆಗೆ ಸರಿಯಾಗಿ ಕೂತಿತು. ಅದನ್ನಿಟ್ಟುಕೊಂಡು ಮಿಕ್ಕಿದ್ದನ್ನು ಅಂಗಡಿಗೆ ವಾಪಸ್ ಕೊಡಲು ಹೋದಳು. ಅಂಗಡಿಯವನು ಮುಚ್ಚಳವಿಲ್ಲದ ಕುಕ್ಕರನ್ನು ವಾಪಸ್ ತೆಗೆದುಕೊಳ್ಳಲಾಗದೆಂದ. ಅವಳು ಮುಕ್ಕಾಲು ಗಂಟೆ ವಾದಿಸಿದಳು.

ಕೊನೆಗೆ ಅವನು ತೆಗೆದುಕೊಂಡ.